‘ಕಲ್ಯಾಣ’ ಶಬ್ದದ ವಿಚಾರ

ನಮ್ಮ ಸೀಮೆಯಲ್ಲಿ ಈಗ ‘ಕಲ್ಯಾಣ’ ಎಂಬ ಶಬ್ದವು ಕಿವಿಗೆ ಬೀಳದ ಸಭೆಯಿಲ್ಲ. ಗಂಗಾವತಿ ತಾಲ್ಲೂಕಿನ ಮರಳಿಯಿಂದ ಕುಷ್ಟಗಿ, ಯಲಬುರ್ಗೆಗಳವರೆಗೆ ಭಾಷಣಕ್ಕೂ ಫಲಕಕ್ಕೂ ಅದೇ ಅಲಂಕಾರ. ಹೀಗೆ ಸರ್ವತ್ರ ಸಲ್ಲುವ ನಾಣ್ಯದ ತೂಕವನ್ನು ಒಮ್ಮೆ ನೋಡುವುದು ಉಚಿತವಾಗಿದೆ.

ಸಂಸ್ಕೃತದಲ್ಲಿ ಈ ಶಬ್ದಕ್ಕೆ ಶುಭ, ಮಂಗಳ ಎಂಬರ್ಥಗಳುಂಟು. ಕನ್ನಡದಲ್ಲಿ ವಿವಾಹವೆಂಬ ಅರ್ಥವೂ ರೂಢವಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡುದರಿಂದ ಅದು ಅರಸುತನದ ಹೆಸರಾಯಿತು. ಮರುಶತಮಾನದಲ್ಲಿ ಬಸವಾದಿ ಶರಣರಿಂದ ಧರ್ಮದ ಹೆಸರಾಯಿತು. ಸ್ವಾತಂತ್ರ್ಯಾನಂತರದ ಆಡಳಿತಭಾಷೆಯು ‘ಕಲ್ಯಾಣ ರಾಜ್ಯ’, ‘ಸಮಾಜ ಕಲ್ಯಾಣ’ ಎಂದು ಅದನ್ನು ಇಲಾಖೆಗಳಿಗೆ ಹಂಚಿತು. ಕಡೆಗೆ 2019ನೆಯ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ಹೈದರಾಬಾದ್-ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ವೆಂದು ಹೆಸರಿಟ್ಟಿತು.

ಈ ಹೆಸರಿನ ಪಕ್ಷದಲ್ಲಿ ಹೇಳತಕ್ಕುದು ಇಲ್ಲದಿಲ್ಲ. 1948ನೆಯ ಸೆಪ್ಟೆಂಬರಿನಲ್ಲಿ ಕೊನೆಗಂಡ ನಿಜಾಮರ ಆಳಿಕೆಯ ಗುರುತನ್ನು ಜನರು ಎಷ್ಟು ಕಾಲ ಹೊರಬೇಕು? ಬಳ್ಳಾರಿಯಂತೂ ನಿಜಾಮರ ಕೈಬಿಟ್ಟು 1800ರಲ್ಲಿಯೇ ಕಂಪನಿಗೆ ಸೇರಿದ್ದಿತು. ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವು ಕಲ್ಯಾಣದ ಸಂಬಂಧಕ್ಕೆ ಸಾಕ್ಷಿಯಾಗಿ ನಿಂತಿದೆ.

ಆದರೆ ಆಕ್ಷೇಪವೂ ಉಂಟು. ಚಾಲುಕ್ಯರ ಆಳಿಕೆಯು ಗದಗು, ಧಾರವಾಡಗಳಲ್ಲಿಯೂ ನಡೆದುದರಿಂದ ಈ ಹೆಸರು ನಾಡಿನ ಎಲ್ಲೆಯನ್ನು ತಿಳಿಸುವುದಿಲ್ಲ. ಹಳೆಯ ಹೆಸರು ಒಂದು ಕೊರತೆಯ ಕಾರಣವನ್ನು ಹೇಳುತ್ತಿತ್ತು. ಹೊಸದು ಕೊರತೆ ನೀಗಿದಂತೆ ನುಡಿಯುತ್ತದೆ. 2002ರಲ್ಲಿ ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಈ ಕೊರತೆಗೆ ಪರಿಹಾರವಾಗಿ, 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371-ಜೆ ವಿಧಿಯು ‘ಹೈದರಾಬಾದ್-ಕರ್ನಾಟಕ’ವೆಂದೇ ಕರೆದು ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲನ್ನು ಕೊಟ್ಟಿತು. ಅಂದರೆ ಹಕ್ಕು ಬಂದುದು ಹಳೆಯ ಹೆಸರಿನಲ್ಲಿ, ಹೊಗಳಿಕೆ ನಡೆದಿರುವುದು ಹೊಸ ಹೆಸರಿನಲ್ಲಿ.

ಹೆಸರನ್ನು ಹಿಂತೆಗೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅದನ್ನು ವಿಶೇಷಣವಾಗಿ ಅಲ್ಲ, ಸಾಲಪತ್ರವಾಗಿ ಎಣಿಸಬೇಕೆಂಬುದಿಷ್ಟೇ ವಿಜ್ಞಾಪನೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಯಾರ ಶಾಸನಗಳಿವೆಯೋ ಆ ಅಶೋಕನೇ ತನ್ನ ಐದನೆಯ ಶಿಲಾಶಾಸನದಲ್ಲಿ ಈ ಶಬ್ದದ ಪ್ರಾಕೃತ ರೂಪವನ್ನು ಸತ್ಕಾರ್ಯವೆಂಬರ್ಥದಲ್ಲಿ ಬಳಸಿದ್ದಾನೆ. ಅದು ಮಾಡಲು ಕಷ್ಟವಾದುದೆಂದು ಅಲ್ಲಿಯೇ ಒಪ್ಪಿಕೊಂಡಿದ್ದಾನೆ. ಆ ಚಕ್ರವರ್ತಿಗೆ ಕಲ್ಯಾಣವು ಮಾಡತಕ್ಕ ಕಾರ್ಯವಾಗಿತ್ತು. ನಮಗೆ ಅದು ಆಡತಕ್ಕ ಮಾತು ಮಾತ್ರವಾಗದಿರಲಿ.