ಪರದೆಯಿಲ್ಲದ ಕೈಪಟ್ಟಿ

ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಅಧ್ಯಯನಕ್ಕಾಗಿ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಮಣಿಕಟ್ಟಿಗೆ ಕಟ್ಟಿಕೊಂಡ ಆಕ್ಸಿವಿಟಿ ಎಎಕ್ಸ್3 ಎಂಬ ಚಲನೆ ಅಳೆಯುವ ಕೈಪಟ್ಟಿ ನನಗೆ ಬಲು ಇಷ್ಟದ ಯಂತ್ರ. ತೂಕ 11 ಗ್ರಾಂ. ಅಂಚೆಯಲ್ಲಿ ಮನೆಗೆ ಬರುತ್ತಿತ್ತು, ಏಳು ದಿನ ಕಳೆದ ಮೇಲೆ ಅಂಚೆಯಲ್ಲೇ ಮರಳುತ್ತಿತ್ತು. ಸ್ನಾನಕ್ಕೂ ನಿದ್ದೆಗೂ ಬಿಚ್ಚಬೇಕಿರಲಿಲ್ಲ.

ಅದರ ದೊಡ್ಡ ಗುಣವೆಂದರೆ ಪರದೆಯೇ ಇಲ್ಲದಿರುವುದು. ಈಗಿನ ಸ್ಮಾರ್ಟ್‌ವಾಚುಗಳ ಹಾಗೆ ‘ಇನ್ನೂ ಸಾವಿರ ಹೆಜ್ಜೆ ಬಾಕಿ’ ಎಂದು ತಿವಿಯುವುದಿಲ್ಲ. ತಿವಿದರೆ ಜನ ನಾಲ್ಕು ಹೆಜ್ಜೆ ಹೆಚ್ಚೇ ನಡೆದುಬಿಡುತ್ತಾರೆ, ಅಳತೆ ಕೆಡುತ್ತದೆ. ಒಳಗಿನ ಆಕ್ಸೆಲೆರೋಮೀಟರ್ ಸೆಕೆಂಡಿಗೆ 100 ಸಲ, ಮೂರು ದಿಕ್ಕುಗಳಲ್ಲಿ, ಕೈಯ ಅಲುಗಾಟವನ್ನು ದಾಖಲಿಸುತ್ತದೆ. ‘ವಾರಕ್ಕೆ ಎಷ್ಟು ವ್ಯಾಯಾಮ?’ ಎಂದು ಪ್ರಶ್ನಾವಳಿ ಕೇಳಿದರೆ ನಮಗೆ ನೆನಪಾಗುವುದು ಜಾಗಿಂಗ್; ಕಸ ಗುಡಿಸಿದ್ದು, ಬಟ್ಟೆ ಒಗೆದದ್ದು, ಮಹಡಿ ಹತ್ತಿಳಿದದ್ದು ಯಾರಿಗೆ ನೆನಪು? ಇದು ಅವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. (ಮನೆಗೆಲಸಕ್ಕೆ ಇಷ್ಟು ನಿಷ್ಪಕ್ಷಪಾತ ಸಾಕ್ಷಿ ಇನ್ನೆಲ್ಲಿ ಸಿಕ್ಕೀತು!)

ಕೊರತೆಗಳೂ ಉಂಟು. ಸೈಕಲ್ ತುಳಿಯುವಾಗ ಹ್ಯಾಂಡಲ್ ಹಿಡಿದ ಕೈ ಹೆಚ್ಚು ಆಡದು, ಹಾಗಾಗಿ ಆ ಶ್ರಮ ಕಡಿಮೆ ದಾಖಲಾಗುತ್ತದೆ. ಭಾರ ಹೊತ್ತು ನಡೆದವರ ಹೆಚ್ಚಿನ ಶ್ರಮವೂ ಅದಕ್ಕೆ ಸರಿಯಾಗಿ ಕಾಣದು. ಆದರೂ ಲಕ್ಷ ಜನರ ದಿನನಿತ್ಯದ ಚಲನೆ ಅಳೆಯಲು ನೆನಪನ್ನು ನಂಬುವುದಕ್ಕಿಂತ ಇದೇ ವಾಸಿ.