ಅನುತ್ತೀರ್ಣತೆಯ ಹೊಣೆ ಯಾರದು?

ಬೆಳಗಾವಿ ಜಿಲ್ಲೆಯು ೧೯೫೬ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಅಲ್ಲಿಯ ೧೯೪೭ರ ಪ್ರಾಥಮಿಕ ಶಿಕ್ಷಣ ಕಾಯಿದೆಯು, ಕಡ್ಡಾಯ ಶಿಕ್ಷಣ ಜಾರಿಯಾದೆಡೆಗಳಲ್ಲಿ, ಮಗುವನ್ನು ಶಾಲೆಗೆ ಕಳಿಸದ ಪಾಲಕನನ್ನು ದಂಡಿಸುತ್ತಿತ್ತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಹಿರಿಮೆಯೆಂದರೆ, ಅದು ಹೊಣೆಯನ್ನು ಸರಕಾರದ ಮೇಲೆ ಹೊರಿಸಿದ್ದು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹಿಂದೆ ನಿಲ್ಲಿಸಕೂಡದೆಂದು ವಿಧಿಸಿದ್ದು.

೨೦೧೯ರ ತಿದ್ದುಪಡಿಯು ಐದು ಹಾಗೂ ಎಂಟನೆಯ ತರಗತಿಗಳಲ್ಲಿ ವಾರ್ಷಿಕ ಪರೀಕ್ಷೆಯನ್ನು ತಂದಿತು; ಮರುಪರೀಕ್ಷೆಯಲ್ಲಿಯೂ ಅನುತ್ತೀರ್ಣರಾದವರನ್ನು ಅದೇ ತರಗತಿಯಲ್ಲಿ ನಿಲ್ಲಿಸುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟಿತು. ೨೦೨೪ರ ಡಿಸೆಂಬರಿನ ನಿಯಮಗಳಿಂದ ಕೇಂದ್ರ ಸರಕಾರದ ಅಧೀನ ಶಾಲೆಗಳಲ್ಲಿ ಇದು ಆಚರಣೆಗೆ ಬಂದಿತು.

ಕಲಿಯದೆ ಮುಂದೆ ಸಾಗುವುದು ಮಗುವಿಗೆ ಉಪಕಾರವಲ್ಲವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಇದೇ ಕಾಯಿದೆಯ ಅನುಸೂಚಿಯು ಚಿಕ್ಕ ಶಾಲೆಗೂ ಇಬ್ಬರು ಶಿಕ್ಷಕರನ್ನೂ, ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ಶಾಲಾದಿನಗಳನ್ನೂ ಕಡ್ಡಾಯಗೊಳಿಸಿದೆ. ಬೆಳಗಾವಿ ನಗರದಲ್ಲಿ ಈ ಅಳತೆ ಸಹಜವೆನಿಸೀತು. ಖಾನಾಪುರ ತಾಲೂಕಿನ ಭೀಮಗಡ ಅರಣ್ಯದ ಅಮಗಾಂವ, ಕೃಷ್ಣಾಪುರಗಳಂತಹ ಹಳ್ಳಿಗಳಿಗಾದರೋ ಮಳೆಗಾಲದಲ್ಲಿ ಹಳ್ಳಗಳು ಉಕ್ಕಿದರೆ ದಾರಿಯೇ ಇಲ್ಲ. ಶಿಕ್ಷಕನೇ ತಲುಪಲಾಗದ ದಿನಗಳ ಪಾಠಕ್ಕೆ ಮಗು ಉತ್ತರ ಕೊಡಬೇಕೆ?

ಅಂದು ಪಾಲಕನಿಗಿದ್ದ ದಂಡ ಇಂದು ಮಗುವಿನ ಮೇಲೆ ಬೀಳುವಂತಾಗಿದೆ. ಈ ಅಧಿಕಾರವನ್ನು ಬಳಸಹೊರಡುವ ಸರಕಾರವು ಮೊದಲು ಅನುಸೂಚಿಯ ಪರೀಕ್ಷೆಯಲ್ಲಿ ತಾನು ಉತ್ತೀರ್ಣವಾಗಬೇಕು.