ಕೀಲಿಮಣೆಯೂ ಕಿರುಬೆರಳೂ

ಕಳೆದ ಮಳೆಗಾಲದಲ್ಲಿ ದೀರ್ಘ ಲೇಖನವೊಂದನ್ನು ಟೈಪು ಮಾಡುತ್ತಿದ್ದಾಗ ನನ್ನ ಎಡಗೈಯ ಕಿರುಬೆರಳು ನೋಯತೊಡಗಿತು. ಲ್ಯಾಪ್‌ಟಾಪಿನ ಚಪ್ಪಟೆ ಕೀಲಿಗಳೇ ಕಾರಣವೆಂದುಕೊಂಡೆ. ಹತ್ತಾರು ವಿಮರ್ಶೆಗಳನ್ನು ಓದಿ ಒಂದು ಮೆಕ್ಯಾನಿಕಲ್ ಕೀಲಿಮಣೆ ತರಿಸಿದೆ. ಕೀಲಿಗಳು ಹಿತವಾಗಿದ್ದವು, ಸದ್ದೂ ಚೆನ್ನಾಗಿತ್ತು. ನೋವು ಮಾತ್ರ ಹೋಗಲಿಲ್ಲ.

ಆ ವಿಮರ್ಶೆಗಳನ್ನು ಮತ್ತೆ ತೆರೆದೆ. ಕೀಲಿ ಎಷ್ಟು ಆಳ ಇಳಿಯುತ್ತದೆ, ಎಷ್ಟು ಬಲ ಬೇಕು, ಮಣಿಕಟ್ಟು ನೇರವಾಗಿರುತ್ತದೆಯೇ, ಎಲ್ಲವೂ ಅಲ್ಲಿತ್ತು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರು ಬರೆದು ನೋಡಿದ್ದು ಇಂಗ್ಲಿಷನ್ನು. ಇಂಗ್ಲಿಷಿನಲ್ಲಿ ಶಿಫ್ಟ್ ಕೀಲಿಗೆ ಕೆಲಸ ಕಡಿಮೆ. ವಾಕ್ಯದ ಮೊದಲಿಗೆ, ಹೆಸರುಗಳಿಗೆ, ಕೆಲವು ಚಿಹ್ನೆಗಳಿಗೆ ಬೇಕಷ್ಟೆ. ಕನ್ನಡದ ಕತೆ ಬೇರೆ.

ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸ. ರಾಜ್ಯ ಸರ್ಕಾರದ ಮಾನಕವೂ ಅದನ್ನೇ ಆಧರಿಸಿದ್ದು. ‘ನುಡಿ’ ಬಳಸಿದವರಿಗೆಲ್ಲ ಅದು ಪರಿಚಿತ. ಅದರ ತರ್ಕ ಸೊಗಸಾದದ್ದು. ವ್ಯಂಜನದೊಳಗೆ ಅಕಾರ ಮೊದಲೇ ಸೇರಿದೆ ಎಂಬ ಕನ್ನಡ ಬರಹದ ಸ್ವಭಾವವನ್ನು ಅದು ಹಾಗೆಯೇ ಇಟ್ಟುಕೊಂಡಿದೆ. ‘ಕನ್ನಡ’ ಎಂದು ಬರೆಯಲು ಕ, ನ, ಒತ್ತಕ್ಷರ ಕೂಡಿಸುವ ಕೀಲಿ, ನ, ಡ, ಒಟ್ಟು 5 ಕೀಲಿ ಸಾಕು. ರೋಮನ್ ಅಕ್ಷರಗಳಲ್ಲಿ ಬಿಡಿಸಿ ಬರೆದರೆ 7 ಬೇಕು.

ಈ ಸೊಗಸಿನ ಭಾರ ಹೊರುವುದು ಕಿರುಬೆರಳು. ಹ್ರಸ್ವದ ಕೀಲಿಗೆ ಶಿಫ್ಟ್ ಸೇರಿದರೆ ದೀರ್ಘ, ಅಲ್ಪಪ್ರಾಣಕ್ಕೆ ಸೇರಿದರೆ ಮಹಾಪ್ರಾಣ. ಣ, ಳ, ಶ, ಅನುಸ್ವಾರಗಳಿಗೂ ಶಿಫ್ಟೇ ಬೇಕು. ‘ಮಾತಾಡೋಣ’ ಎಂದು ಬರೆದು ನೋಡಿ. 7 ಕೀಲಿಗಳಲ್ಲಿ 4ಕ್ಕೆ ಶಿಫ್ಟ್! ನಾನೋ ಎಲ್ಲಕ್ಕೂ ಎಡಗಡೆಯ ಶಿಫ್ಟನ್ನೇ ಒತ್ತುತ್ತಿದ್ದೆ. ಆಕಾರದ ಕೀಲಿಯೂ ಎಡ ಕಿರುಬೆರಳಿನದೇ ಆದ್ದರಿಂದ ಪ್ರತಿ ಆಕಾರಕ್ಕೂ ಕೈ ತಿರುಚಿಕೊಳ್ಳುತ್ತಿತ್ತು.

ಭಾರತೀಯ ಭಾಷೆಗಳಿಗೆ ಸಮಾನವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ದೀರ್ಘದ ಚಿಹ್ನೆಗಳಿಗೆ ಶಿಫ್ಟ್ ಬೇಡ. ಅದೇ ‘ಮಾತಾಡೋಣ’ಕ್ಕೆ ಅಲ್ಲಿ ಶಿಫ್ಟ್ ಬೇಕಾಗುವುದು ಒಮ್ಮೆ, ಣಕಾರಕ್ಕೆ ಮಾತ್ರ. ಬೆರಳಿನ ಲೆಕ್ಕದಲ್ಲಿ ಅದೇ ಮೇಲೆಂದು ಒಪ್ಪುತ್ತೇನೆ. ಹೊಸದಾಗಿ ಕಲಿಯುವ ವಿದ್ಯಾರ್ಥಿಗಳು ಅದನ್ನೊಮ್ಮೆ ಪ್ರಯತ್ನಿಸಲಿ. ನನಗದು ಆಗಲಿಲ್ಲ. ಬೆರಳು ಅಕ್ಷರಕ್ಕಾಗಿ ತಡಕಾಡಿದರೆ ತಲೆಯಲ್ಲಿದ್ದ ವಾಕ್ಯ ಕೈತಪ್ಪಿಹೋಗುತ್ತದೆ.

ನಾನು ಬದಲಿಸಿದ್ದು ಒಂದು ರೂಢಿಯನ್ನು. ಎಡಗೈ ಒತ್ತುವ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈಯದಕ್ಕೆ ಎಡಗಡೆಯದು. ಎರಡು ವಾರ ಬರವಣಿಗೆ ಕುಂಟಿತು. ಆಮೇಲೆ ನೋವು ಇಳಿಯಿತು. ಅದೂ ಕಷ್ಟವಾದವರಿಗೆ ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟು, ಬಳಿಕ ಅಕ್ಷರ ಒತ್ತುವ ‘ಸ್ಟಿಕ್ಕಿ ಕೀಸ್’ ಸೌಲಭ್ಯ ಕಂಪ್ಯೂಟರಿನಲ್ಲೇ ಇದೆ.

ಹಾಗಾದರೆ ಯಾವ ಕೀಲಿಮಣೆ ಕೊಳ್ಳಬೇಕು? ಎರಡೂ ಕಡೆ ಅಗಲವಾದ, ಹಗುರಾಗಿ ಇಳಿಯುವ ಶಿಫ್ಟ್ ಇರುವುದನ್ನು. ಪುಟ್ಟ ಕೀಲಿಮಣೆಗಳಲ್ಲಿ ಬಾಣದ ಕೀಲಿಗಳಿಗೆ ಜಾಗ ಮಾಡಲು ಬಲಗಡೆಯ ಶಿಫ್ಟನ್ನು ಕುಗ್ಗಿಸಿರುವುದುಂಟು. ಅಂಥದ್ದು ಎಷ್ಟೇ ಚೆಂದವಿದ್ದರೂ ಕನ್ನಡ ಬರೆಯುವವರಿಗೆ ಹೇಳಿಸಿದ್ದಲ್ಲ. ಅಂಗಡಿಯಲ್ಲಿ ಬಿಟ್ಟರೆ, ದುಡ್ಡು ಕೊಡುವ ಮೊದಲು ಅರ್ಧ ಪುಟ ಕನ್ನಡ ಟೈಪು ಮಾಡಿ ನೋಡಿ. ಉಳಿದದ್ದನ್ನು ಕಿರುಬೆರಳೇ ಹೇಳುತ್ತದೆ.